ನಡುಗೆರೆ ದಾಟದ ಕೋಚಮ್ಮ

ಅವರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಪಕ್ಕಕ್ಕೆ ಬಾಗಿತ್ತು. ಶಾಲೆಯಲ್ಲಿದ್ದಾಗ ಬಾಸ್ಕೆಟ್‌ಬಾಲ್ ಬಡಿದು ಮುರಿದದ್ದು. ಡಾಕ್ಟರು ಕಟ್ಟಿದ ಪಟ್ಟಿಯನ್ನು ಮರುದಿನದ ಪಂದ್ಯಕ್ಕಾಗಿ ಇವರೇ ಬಿಚ್ಚಿ ಎಸೆದರಂತೆ. ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಹಾಗಾಗಿ ಅವರು ನನ್ನನ್ನು ನೋಡಿ ಬೆರಳು ಮಾಡಿದರೆ ಬೆರಳು ನನ್ನ ಪಕ್ಕದವರನ್ನು ತೋರಿಸುತ್ತಿತ್ತು. "ನೀವು, ಮುಂದೆ ಬನ್ನಿ" ಎಂದರೆ ಇಬ್ಬರು ಏಳುತ್ತಿದ್ದೆವು. ಕೊನೆಗೆ ದಾವಣಗೆರೆಯ ಗಿರಿಜಕ್ಕ ಇದಕ್ಕೊಂದು ದಾರಿ ಕಂಡುಹಿಡಿದಳು. "ಬೆರಳು ನೋಡಬ್ಯಾಡ್ರೇ, ಕಣ್ಣು ನೋಡ್ರಿ" ಎಂದಳು. ಅಂದಿನಿಂದ ಅಭ್ಯಾಸ ಸುಸೂತ್ರವಾಗಿ ನಡೆಯಿತು.

ನಾವು ಅವರನ್ನು ಕೋಚಮ್ಮ ಎಂದು ಕರೆಯುತ್ತಿದ್ದೆವು. ಮೆಲ್ಬರ್ನಿನ ವೆರಿಬೀಯಲ್ಲಿ ನನ್ನ ಮಗಳ ಮನೆಯ ಪಕ್ಕದ ಮನೆ ಅವರದು. ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದಲ್ಲಿ, ಜೋಳದ ಹೊಲಗಳ ನಡುವೆ. ಅಲ್ಲಿಗೆ ಕೃಷಿ ಓದಲು ಬಂದಿದ್ದ ಒಬ್ಬ ಆಸ್ಟ್ರೇಲಿಯಾದವನನ್ನು ಮದುವೆಯಾಗಿ ಈ ಕಡೆ ಬಂದವರು. ಇಲ್ಲಿಯ ಶಾಲೆಗಳಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಒಬ್ಬರೇ ಇದ್ದರು ಎಂದೆ. ಸುಮ್ಮನೆ ಇದ್ದರು ಎಂದು ಹೇಳಲಾರೆ.

ನಾನು ಚಿತ್ರದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಏಳುವುದು, ಹೊಡೆಯದಿದ್ದರೂ ಏಳುವುದು ನನ್ನ ಅಭ್ಯಾಸ. ಈಗ ವರ್ಷದಲ್ಲಿ ಅರ್ಧ ಭಾಗ ಮೆಲ್ಬರ್ನಿನಲ್ಲಿ ಮಗಳ ಜೊತೆ, ಉಳಿದರ್ಧ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಮಗನ ಜೊತೆ. ಮೊದಲ ಬಾರಿ ವೆರಿಬೀಗೆ ಬಂದಾಗ ಬೆಳಿಗ್ಗೆ ಎದ್ದು ಹಿತ್ತಲಲ್ಲಿ ನಿಂತರೆ ಪಕ್ಕದ ಮನೆಯಿಂದ ಧಡ್, ಧಡ್ ಎಂದು ಒಂದೇ ಸಮನೆ ಸದ್ದು. ಬೇಲಿಯ ಮೇಲಿಂದ ಇಣುಕಿದೆ. ಬಿಳಿ ತಲೆಯ, ಎತ್ತರದ ಹೆಂಗಸೊಬ್ಬರು ಗ್ಯಾರೇಜಿನ ಬಾಗಿಲಿಗೆ ಚೆಂಡು ಎಸೆದು ಹಿಡಿಯುತ್ತಿದ್ದರು. ಎಡಕ್ಕೆ, ಬಲಕ್ಕೆ, ಬಗ್ಗಿ, ಚಾಚಿ. ಒಂದೂ ಕೈ ತಪ್ಪಲಿಲ್ಲ.

ದಿನವೂ ನೋಡಿದೆ. ಒಂದು ವಿಷಯ ನನಗೆ ಸರಿಹೊಂದಲಿಲ್ಲ. ಗ್ಯಾರೇಜಿನ ಮೇಲೆಯೇ ಬುಟ್ಟಿಯ ಬಳೆ ಇತ್ತು, ಬಲೆಯೂ ಇತ್ತು. ಈಕೆ ಮಾತ್ರ ಒಮ್ಮೆಯೂ ಅತ್ತ ಎಸೆಯುತ್ತಿರಲಿಲ್ಲ. ವಾರ್ಡನ್ ಆಗಿದ್ದವಳಿಗೆ ಕೇಳದೆ ಇರುವುದು ಕಷ್ಟ. ನನ್ನ ಹಾಸ್ಟೆಲ್ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

"ಅದು ಮೊಮ್ಮಕ್ಕಳಿಗೆ ಹಾಕಿಸಿದ್ದು. ನಾನು ಗಾರ್ಡ್" ಎಂದರು. ಅಷ್ಟು ಹೇಳಿದರೆ ಎಲ್ಲ ತಿಳಿಯಬೇಕು ಎಂಬಂತೆ.

ನನಗೆ ತಿಳಿಯಲಿಲ್ಲ. ಅವರು ಬೇಲಿಯ ಹತ್ತಿರ ಬಂದು ಬಾಗಿದ ಬೆರಳಿನಿಂದಲೇ ಅದರ ಹಲಗೆಯ ಮೇಲೆ ಒಂದು ಚೌಕ ಬರೆದು, ಅದರ ನಡುವೆ ಗೆರೆ ಎಳೆದು ವಿವರಿಸಿದರು. ಅವರ ಕಾಲದಲ್ಲಿ ಅವರ ರಾಜ್ಯದ ಹುಡುಗಿಯರು ಆಡುತ್ತಿದ್ದ ಬಾಸ್ಕೆಟ್‌ಬಾಲೇ ಬೇರೆ. ತಂಡಕ್ಕೆ ಆರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಅಂಕಣದ ನಡುವೆ ಒಂದು ಗೆರೆ. ಫಾರ್ವರ್ಡ್‌ಗಳು ಗೆರೆಯ ಆ ಕಡೆಯೇ ಇದ್ದು ಬುಟ್ಟಿಗೆ ಹಾಕಬೇಕು. ಗಾರ್ಡ್‌ಗಳು ಈ ಕಡೆಯೇ ಇದ್ದು ಎದುರಾಳಿಗಳನ್ನು ತಡೆಯಬೇಕು, ಚೆಂಡು ಸಿಕ್ಕರೆ ಗೆರೆಯ ತನಕ ತಂದು ಆಚೆಗೆ ದಾಟಿಸಬೇಕು. ತಾವು ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಪುಟಿಸುವಂತಿಲ್ಲ.

"ಹಾಗಾದರೆ ಗಾರ್ಡ್ ಯಾವಾಗ ಬುಟ್ಟಿಗೆ ಹಾಕುವುದು?"

"ಯಾವಾಗಲೂ ಇಲ್ಲ" ಎಂದು ನಕ್ಕರು. "ಶಾಲೆ ಮುಗಿಯುವ ತನಕ ಆಡಿದೆ. ಊರಿನ ಪತ್ರಿಕೆಯಲ್ಲಿ ನಮ್ಮ ಹೆಸರು ಬರುತ್ತಿತ್ತು. ನನ್ನ ಹೆಸರಿನ ಪಕ್ಕದಲ್ಲಿ ಪ್ರತಿ ಸಲವೂ ಸೊನ್ನೆ."

"ಈಗ ಹಾಕಬಹುದಲ್ಲ? ಬಳೆ ನಿಮ್ಮದೇ."

ಅವರು ಬಳೆಯ ಕಡೆ ನೋಡಿದರು. "ಗ್ಯಾರೇಜಿನ ಮುಂದೆ ಒಬ್ಬಳೇ ನಿಂತು ಹಾಕಿದರೆ ಅದು ಬಿದ್ದ ಹಾಗಲ್ಲ, ವಾರ್ಡನ್. ಎದುರು ತಂಡ ಇರಬೇಕು, ಜನ ನೋಡಬೇಕು. ಒಂದೇ ಒಂದು ಸಾಕಿತ್ತು." ಹಾಗೆಂದು ಚೆಂಡನ್ನು ಮತ್ತೆ ಬಾಗಿಲಿಗೆ ಎಸೆದರು, ಈ ಸಲ ಸ್ವಲ್ಪ ಜೋರಾಗಿ.

ಆವತ್ತಿನಿಂದ ನಾನು ಅವರಿಗೆ 'ವಾರ್ಡನ್' ಆದೆ.

ಅವರ ಅಡುಗೆಮನೆಯಲ್ಲಿ ಕುಳಿತು ಕೇಳಿದ ಕಥೆಗಳಿಗೆ ಕೊನೆಯಿರಲಿಲ್ಲ. ಅವರ ರಾಜ್ಯದಲ್ಲಿ ಹುಡುಗರ ಆಟಕ್ಕಿಂತ ಹುಡುಗಿಯರ ಆಟಕ್ಕೇ ಜನ ಹೆಚ್ಚು ಸೇರುತ್ತಿದ್ದರಂತೆ. ಚಳಿಗಾಲದಲ್ಲಿ ರಾಜ್ಯಮಟ್ಟದ ಪಂದ್ಯ ಬಂತೆಂದರೆ ಸಣ್ಣ ಊರುಗಳಲ್ಲಿ ಅಂಗಡಿ ಮುಚ್ಚಿ, ಹಸುವಿನ ಹಾಲು ಬೇಗ ಕರೆದು, ಹಿಮ ಬಿದ್ದ ರಸ್ತೆಯಲ್ಲಿ ಸಾಲಾಗಿ ಹೊರಡುತ್ತಿದ್ದರಂತೆ. ಅಣ್ಣಂದಿರಿಬ್ಬರೂ ಕುಸ್ತಿಪಟುಗಳು. ತೂಕ ಇಳಿಸಲು ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಅಡುಗೆಮನೆಯ ಒಲೆಯ ಸುತ್ತ ಓಡುತ್ತಿದ್ದರಂತೆ. ನಮ್ಮೂರ ಗರಡಿಮನೆಯ ಪೈಲ್ವಾನರು ಬಾದಾಮಿ ಹಾಲು ಕುಡಿದು ತೂಕ ಏರಿಸುತ್ತಿದ್ದರೆಂದು ನಾನು ಹೇಳಿದೆ. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ ಅಮೆರಿಕದಲ್ಲಿದ್ದ ಅಣ್ಣನಿಗೆ ಆಗಲೇ ಫೋನ್ ಮಾಡಿ, "ನಾವು ತಪ್ಪು ದೇಶದಲ್ಲಿ ಹುಟ್ಟಿದೆವು" ಎಂದರು.

ಜೋಳದ ತೆನೆ ಬೇಯಿಸುವುದರಲ್ಲಿ ಅವರಷ್ಟು ಕಟ್ಟುನಿಟ್ಟು ನಾನು ಕಂಡಿಲ್ಲ. ನೀರು ಕುದಿಯುವ ಮೊದಲು ಸಿಪ್ಪೆ ಬಿಡಿಸಿದರೆ ಬೈಯುತ್ತಿದ್ದರು. ನಾನು ಅದಕ್ಕೆ ಉಪ್ಪು, ಖಾರದಪುಡಿ, ನಿಂಬೆರಸ ಸವರಿಕೊಟ್ಟ ದಿನ ತೆನೆಯನ್ನು ಪೂರ್ತಿ ತಿಂದು, "ಇದು ಫೌಲ್. ಇನ್ನೊಂದು ಕೊಡಿ" ಎಂದರು.

ತಂಡ ಹುಟ್ಟಿದ್ದು ನಿಂಬೆಹಣ್ಣಿನಿಂದಲೇ. ಕನ್ನಡದವರು ಸೇರಿ ನಡೆಸುವ ಕ್ರೀಡಾದಿನಕ್ಕೆ ಒಮ್ಮೆ ಅವರನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳಿಗೆ ಓಟ, ಗಂಡಸರಿಗೆ ಕ್ರಿಕೆಟ್, ಸೊಸೆಯಂದಿರಿಗೆ ಥ್ರೋಬಾಲ್. ಅಜ್ಜಿಯರಿಗೆ ಚಮಚದಲ್ಲಿ ನಿಂಬೆಹಣ್ಣು. ಅವರು ಎಲ್ಲವನ್ನೂ ನೋಡಿ ಕೇಳಿದರು, "ಇದೊಂದೇನಾ ನಿಮಗೆ?"

"ಮ್ಯೂಸಿಕಲ್ ಚೇರ್ ಕೂಡ ಇದೆ" ಎಂದೆ.

ಮುಂದಿನ ಶನಿವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕಮ್ಯುನಿಟಿ ಹಾಲಿನಲ್ಲಿ ನಾವು ಆರು ಜನ ಸಾಲಾಗಿ ನಿಂತಿದ್ದೆವು. ನೆಲಕ್ಕೆ ಅಂಟುಪಟ್ಟಿಯಿಂದ ನಡುಗೆರೆ ಹಾಕಲಾಗಿತ್ತು. ಹಾಲ್ ಚಿಕ್ಕದು, ಬಳೆಯನ್ನೂ ತಗ್ಗಿಸಿದ್ದರು. ಓಡುವಂತಿಲ್ಲ, ಬಿರುಸಾಗಿ ನಡೆಯಬೇಕು. ಅರ್ಧ ಅಂಕಣದಲ್ಲೇ ಇರಬೇಕಾದ ಆಟ ನಮ್ಮ ಮಂಡಿಗಳಿಗಾಗಿಯೇ ಮಾಡಿದಂತಿತ್ತು. ಗಿರಿಜಕ್ಕ ಫಾರ್ವರ್ಡ್. ನಾನು ಗಾರ್ಡ್. ಮೈಸೂರಿನ ಪದ್ಮಾ, ಬಹಳ ಮೃದು ಸ್ವಭಾವದವರು, ಅವರೂ ಗಾರ್ಡ್. ಸೀರೆಯುಟ್ಟು ಟ್ರ್ಯಾಕ್ ಶೂ ಹಾಕಿಕೊಂಡು ಬಂದಿದ್ದರು. ಕೋಚಮ್ಮ ನೋಡಿದರು. ಬಗ್ಗಿ ಶೂ ಲೇಸನ್ನು ತಾವೇ ಬಿಗಿದರು. "ಮೊದಲು ಪಾದ, ಆಮೇಲೆ ಕೈ" ಎಂಬುದು ಅವರ ಪಾಠ. ಪಾದ ಸರಿಯಾಗಿ ಊರದೆ ಚೆಂಡು ಮುಟ್ಟಿದರೆ ಸೀಟಿ ಊದುತ್ತಿದ್ದರು.

ಚೆಂಡು ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ನಡೆದದ್ದನ್ನು ನೋಡಿ ಅವರಿಗೇ ದಿಕ್ಕು ತೋಚಲಿಲ್ಲ. ಫಾರ್ವರ್ಡ್‌ಗಳು ಮೂವರೂ ಬುಟ್ಟಿಯ ಕೆಳಗೆ ನಿಂತಿದ್ದಾರೆ. ತಡೆಯುವವರು ಯಾರೂ ಇಲ್ಲ.

"ಹಾಕ್ರಿ, ನೀವೇ ಹಾಕ್ರಿ."

"ಅಯ್ಯೋ ನಾನ್ಯಾಕೆ, ನೀವು ದೊಡ್ಡೋರು, ನೀವೇ ಹಾಕಿ."

"ಇಲ್ಲಪ್ಪ, ಮೊದ್ಲು ನೀವೇ."

ಚೆಂಡು ಮೂವರ ಕೈಯಲ್ಲಿ ತಾಂಬೂಲದ ತಟ್ಟೆಯಂತೆ ತಿರುಗಿತು. ಯಾರೂ ಬುಟ್ಟಿಗೆ ಹಾಕಲಿಲ್ಲ. ಕೋಚಮ್ಮ ಸೀಟಿ ಬಾಯಲ್ಲಿಟ್ಟುಕೊಂಡೇ ನೋಡುತ್ತಿದ್ದರು, ಊದಲಿಲ್ಲ. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ, "ವಾರ್ಡನ್, ಜೀವಮಾನವಿಡೀ ಮಕ್ಕಳಿಗೆ ಪಾಸ್ ಮಾಡಿ, ಪಾಸ್ ಮಾಡಿ ಎಂದು ಕೂಗಿ ಗಂಟಲು ಹರಿದುಕೊಂಡಿದ್ದೇನೆ. ಇವರಿಗೆ ಹುಟ್ಟಿನಿಂದಲೇ ಬಂದಿದೆ" ಎಂದರು.

ಅವರ ತಿಳಿವಳಿಕೆಯಲ್ಲಿ 'ನೀವೇ' ಎಂದರೆ ಪಾಸ್. ಮುಂದಿನ ಅಭ್ಯಾಸದಿಂದ ಅಂಚಿನಲ್ಲಿ ನಿಂತು "ನೀವೇ! ವಾರ್ಡನ್, ನೀವೇ!" ಎಂದು ಕೂಗತೊಡಗಿದರು. ನಾವು ತಿದ್ದಲಿಲ್ಲ. ಬಹಳ ದಿನಗಳ ಮೇಲೆ ನನ್ನ ಮೊಮ್ಮಗಳು, "ಕೋಚ್, ಇಟ್ ಮೀನ್ಸ್ ಯೂ. ಲೈಕ್, ಆಫ್ಟರ್ ಯೂ" ಎಂದು ಅರ್ಥ ಹೇಳಿಬಿಟ್ಟಳು. ಕೋಚಮ್ಮ, "ಪಾಸ್ ಅಂದರೂ ಅದೇ ತಾನೆ?" ಎಂದರು.

ಅವರ ರಾಜ್ಯ ಪಕ್ಕದ ರಾಜ್ಯದೊಡನೆ ಫುಟ್‌ಬಾಲ್ ಆಡಿ ಗೆದ್ದರೆ ಬಹುಮಾನವಾಗಿ ಒಂದು ಕಂಚಿನ ಹಂದಿ ಸಿಗುತ್ತದಂತೆ. ಇದನ್ನು ಒಮ್ಮೆ ಟೀ ಹೊತ್ತಿನಲ್ಲಿ ಹೇಳಿದರು.

"ಹಂದೀನಾ?" ಎಂದರು ಪದ್ಮಾ. "ಮನೆ ಒಳಗೆ ತರ್ತಾರಾ?"

"ಕಂಚಿಂದಲ್ವಾ, ತೊಳ್ಕೊಂಡು ತರ್ತಾರೆ ಬಿಡಿ" ಎಂದಳು ಗಿರಿಜಕ್ಕ.

ಕೋಚಮ್ಮನಿಗೆ ನಗು ತಡೆಯಲಾಗಲಿಲ್ಲ. "ಪಕ್ಕದ ರಾಜ್ಯದವರನ್ನು ಸೋಲಿಸದೆ ಯಾವ ತಂಡವೂ ತಂಡವಲ್ಲ" ಎಂದರು. "ನಿಮಗೆ ಪಕ್ಕದ ರಾಜ್ಯ ಯಾವುದು?"

ಪಕ್ಕದ ರಾಜ್ಯದ ಸಿಡ್ನಿಯಲ್ಲಿ, ಸ್ಕೋಫೀಲ್ಡ್ಸ್‌ನಲ್ಲಿ, ನನ್ನ ಬೀಗಿತ್ತಿ ಇದ್ದರು.

ಬೀಗಿತ್ತಿ ಎಂದರೆ ನನ್ನ ಸೊಸೆಯ ತಾಯಿ. ಬೆಂಗಳೂರಿನವರು, ಬಹಳ ಚುರುಕು. ನಾನು ಸಿಡ್ನಿಗೆ ಹೋದ ಅರ್ಧವರ್ಷದಲ್ಲಿ ಅವರಿಗೂ ಅವರ ವಾಕಿಂಗ್ ಗೆಳತಿಯರಿಗೂ ಈ ಆಟ ಹಚ್ಚಿದೆ. ಕೋಚಮ್ಮ ವೀಡಿಯೊ ಕರೆಯಲ್ಲಿ ಅವರ ಪಾದಗಳನ್ನು ಮಾತ್ರ ತೋರಿಸಲು ಹೇಳಿ ಪಾಠ ಮಾಡುತ್ತಿದ್ದರು. ಬೀಗಿತ್ತಿ ಫಾರ್ವರ್ಡ್ ಆಗಿ ಚೆನ್ನಾಗಿ ಪಳಗಿದರು. ಪಂದ್ಯ ಸ್ಕೋಫೀಲ್ಡ್ಸ್‌ನಲ್ಲಿ ಎಂದಾಯಿತು. ಬಹುಮಾನಕ್ಕೆ ಹಂದಿ ಬೇಡವೆಂದು ಎಲ್ಲರೂ ಒಪ್ಪಿದರು. ಬೀಗರು ತಮ್ಮ ಮನೆಯ ದೊಡ್ಡ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಹೊಳೆಯಿಸಿ ಫೋಟೊ ಕಳಿಸಿದರು. ಗಿರಿಜಕ್ಕ ಆ ಫೋಟೊ ನೋಡಿದವಳೇ, "ಅಷ್ಟು ದೂರ ಹೋಗಿ, ಆಡಿ, ಗೆದ್ದು, ಕೊನಿಗೆ ಚೊಂಬು" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೋಚಮ್ಮನಿಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಚೊಂಬು ಸಿಕ್ಕಿತು ಎಂದರೆ ಏನೂ ಸಿಗಲಿಲ್ಲ ಎಂದರ್ಥ ಎಂದು ಬಿಡಿಸಿ ಹೇಳಿದೆ.

"ಬಹಳ ಒಳ್ಳೆಯದು" ಎಂದರು. "ಅದಕ್ಕಾಗಿಯೇ ಜನ ಜೀವ ಬಿಟ್ಟು ಆಡುತ್ತಾರೆ."

ಹೊರಡುವ ಹಿಂದಿನ ದಿನ ಪದ್ಮಾರ ಮಂಡಿ ಊದಿಕೊಂಡಿತು. ಆರನೆಯವರಿಲ್ಲ. ನಾವೆಲ್ಲ ಕೋಚಮ್ಮನ ಮುಖ ನೋಡಿದೆವು.

ಗಿರಿಜಕ್ಕ ಹೇಳಿದಳು, "ಕೋಚಮ್ಮ, ನೀವೇ ಆಡಿ. ನಾನು ಗಾರ್ಡ್ ಆಗ್ತೀನಿ, ನೀವು ಫಾರ್ವರ್ಡ್ ಆಗಿ. ಒಂದು ಬುಟ್ಟಿಗೆ ಹಾಕಿ ನೋಡಣ."

ಅವರು ತಲೆಯಾಡಿಸಿದರು. "ಕಡಿಮೆಯಾಗಿರುವುದು ಗಾರ್ಡ್. ಗಾರ್ಡ್ ಜಾಗಕ್ಕೆ ಗಾರ್ಡ್ ಬರಬೇಕು." ನಾನು ಇನ್ನೊಂದು ಮಾತು ಸೇರಿಸಲು ಹೋದೆ. ಬಾಗಿದ ಬೆರಳು ಎತ್ತಿದರು. ಅದು ಗಿರಿಜಕ್ಕನನ್ನು ತೋರಿಸಿತು, ಸುಮ್ಮನಾದದ್ದು ನಾನು.

ಅಳಿಯ ವ್ಯಾನ್ ಬಾಡಿಗೆಗೆ ತಂದ. ಮೆಲ್ಬರ್ನಿನಿಂದ ಸಿಡ್ನಿಗೆ ಇಡೀ ದಿನದ ದಾರಿ. ದಾರಿಯುದ್ದಕ್ಕೂ ಪುಳಿಯೋಗರೆ, ಕೋಡುಬಳೆ, ಅಂತ್ಯಾಕ್ಷರಿ. ಕೋಚಮ್ಮ ಕಿಟಕಿಯ ಪಕ್ಕ ಕುಳಿತು ತಮ್ಮ ಶಾಲೆಯ ತಂಡದ ಹಾಡನ್ನು ಕಲಿಸಿದರು. ನಮಗೆ ರಾಗ ಬಂತು, ಮಾತು ಬರಲಿಲ್ಲ.

ಸ್ಕೋಫೀಲ್ಡ್ಸ್‌ನ ಅಷ್ಟೇ ಚಿಕ್ಕ ಹಾಲಿನಲ್ಲಿ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಕಿಕ್ಕಿರಿದಿದ್ದರು. ಬೀಗರೇ ರೆಫರಿ. ಕೋಚಮ್ಮ ನೀಲಿ ಅಂಗಿ ಹಾಕಿಕೊಂಡು, ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿ, ನನ್ನ ಪಕ್ಕದಲ್ಲಿ ನಿಂತರು.

ಅವರು ಆಡಿದ್ದನ್ನು ಹೇಗೆ ಹೇಳಲಿ? ಓಡಲಿಲ್ಲ, ಹಾರಲಿಲ್ಲ. ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು. ಎದುರಾಳಿಗಳು ಎಸೆದದ್ದೆಲ್ಲ ಅವರ ಕೈಗೇ ಬಂದು ಸೇರುತ್ತಿತ್ತು. ಹಾಗಿದ್ದರೂ ಎದುರಿನವರ ಅಂಕ ಏರಿತು. ಕಾರಣ ನಾನು. ಬೀಗಿತ್ತಿ ಚೆಂಡು ಹಿಡಿದು ಬಂದಾಗ ನನ್ನ ಕಾಲು ತಾನೇ ಒಂದು ಹೆಜ್ಜೆ ಹಿಂದೆ ಸರಿಯಿತು. ಅವರು ಆರಾಮಾಗಿ ಬುಟ್ಟಿಗೆ ಹಾಕಿದರು.

"ವಾರ್ಡನ್!" ಕೋಚಮ್ಮ ಕೂಗಿದರು. "ದಾರಿ ಬಿಟ್ಟಿರಲ್ಲ, ಯಾಕೆ?"

"ಅವರು ನನ್ನ ಬೀಗಿತ್ತಿ."

"ಮನೆಯಲ್ಲಿ. ಇಲ್ಲಿ ಅವರು ಫಾರ್ವರ್ಡ್."

ಬೀಗಿತ್ತಿ ನಗುತ್ತಾ, "ಪರವಾಗಿಲ್ಲ ಬಿಡಿ ಮೇಡಂ, ನಮ್ಮ ಬೀಗಿತ್ತಿಯವರು ತುಂಬಾ ಸಂಸ್ಕಾರವಂತರು" ಎಂದರು. ಅಷ್ಟು ಸಾಕಾಯಿತು. ಆಮೇಲೆ ಬಹಳ ಹೊತ್ತು ಅವರಿಗೆ ಒಂದು ಬುಟ್ಟಿಯನ್ನೂ ನಾನು ಬಿಟ್ಟುಕೊಡಲಿಲ್ಲ. ಗೆರೆಯ ಆಚೆ ಗಿರಿಜಕ್ಕ ಎರಡು ಸಲ ಹಾಕಿದಳು. ಕೊನೆಯ ಹೊತ್ತಿಗೆ ಅಂಕ ಸಮ.

ಬೀಗಿತ್ತಿಯ ಕೈಯಿಂದ ಚೆಂಡು ಜಾರಿತು. ಕೋಚಮ್ಮ ಹಿಡಿದರು. ನಡುಗೆರೆಯ ತನಕ ಬಂದರು, ಆಚೆ ನೋಡಿದರು. ಅಲ್ಲಿ ನಮ್ಮ ಫಾರ್ವರ್ಡ್‌ಗಳು ಮೂವರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಗಿರಿಜಾ, ಹಿಡಿಯಿರಿ!"

"ಇಲ್ಲ ಕೋಚಮ್ಮ" ಎಂದಳು ಗಿರಿಜಕ್ಕ. "ನೀವೇ."

ಮೊದಲೇ ಮಾತಾಡಿಕೊಂಡದ್ದೇ ಎಂದು ಆಮೇಲೆ ಕೇಳಿದೆ. ಇಲ್ಲವಂತೆ. ಗಿರಿಜಕ್ಕ ಕೈ ಕಟ್ಟಿದಳು, ಉಳಿದವರು ಕಟ್ಟಿದರು, ಅಷ್ಟೇ. ನಾನು ಪಕ್ಕದಿಂದ "ನೀವೇ ಹಾಕಿ" ಎಂದೆ. ಎದುರು ತಂಡದ ನನ್ನ ಬೀಗಿತ್ತಿಯೂ ಕೈ ಕೆಳಗಿಳಿಸಿ, "ಹಾಕಿ ಮೇಡಂ, ನೀವೇ ಹಾಕಿ" ಎಂದರು. ಹಾಲಿಗೆ ಹಾಲೇ "ನೀವೇ, ನೀವೇ" ಎನ್ನತೊಡಗಿತು. ಕನ್ನಡ ಮಾತಾಡದ ಮೊಮ್ಮಕ್ಕಳೂ ಆ ಒಂದು ಶಬ್ದವನ್ನು ಸ್ಪಷ್ಟವಾಗಿ ಹೇಳುತ್ತಿದ್ದರು.

ಕೋಚಮ್ಮ ಕೆಳಗೆ ನೋಡಿದರು. ಗೆರೆ ಅವರ ಬೂಟಿನ ತುದಿಯಲ್ಲಿತ್ತು. ದಾಟಲಿಲ್ಲ. ಪಾದಗಳನ್ನು ಗೆರೆಯ ಹಿಂದೆ ಸರಿಯಾಗಿ ಊರಿದರು. ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿದು, ಮಂಡಿ ಬಗ್ಗಿಸಿ, ಬಾವಿಯಿಂದ ಕೊಡ ಎತ್ತಿದ ಹಾಗೆ ಕೆಳಗಿನಿಂದ ಮೇಲಕ್ಕೆ ಎಸೆದರು. ಚೆಂಡು ಹಲಗೆಗೆ ಬಡಿಯಿತು, ಬಳೆಯ ಮೇಲೆ ಕುಳಿತು ಸುತ್ತಿತು, ಸುತ್ತಿ ಒಳಗೆ ಬಿತ್ತು.

ಆಮೇಲೆ ಎದ್ದ ಗದ್ದಲದಲ್ಲಿ ಬೀಗರು ಅಂಕ ಕೊಟ್ಟು ಎರಡು ಬೆರಳು ಎತ್ತಿದ್ದು ಬಹಳ ಜನಕ್ಕೆ ಕಾಣಲಿಲ್ಲ. ಕೋಚಮ್ಮನಿಗೆ ಕಂಡಿತು. ಹೋಗಿ ಅವರ ಕೈಯನ್ನು ಹಿಡಿದು ಕೆಳಗಿಳಿಸಿದರು.

"ಗಾರ್ಡ್ ಹಾಕಿದ್ದು ಲೆಕ್ಕಕ್ಕಿಲ್ಲ."

"ಬಿದ್ದಿದೆಯಲ್ಲ ಮೇಡಂ, ಎಲ್ಲರೂ ನೋಡಿದ್ದಾರೆ" ಎಂದರು ಬೀಗರು.

"ಬಿದ್ದಿದೆ. ಎಲ್ಲರೂ ನೋಡಿದ್ದಾರೆ. ಅಂಕ ಇಲ್ಲ. ಚೆಂಡು ಅವರದು."

ಚೆಂಡು ಅವರದಾಯಿತು. ನಾವಿನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ಬೀಗಿತ್ತಿ ಸದ್ದಿಲ್ಲದೆ ಒಂದು ಹಾಕಿಬಿಟ್ಟರು. ಸೋತೆವು. ಚೊಂಬು ಕೊಡುವ ಹೊತ್ತಿಗೆ ಬೀಗಿತ್ತಿ ಅದನ್ನು ನನ್ನ ಕೈಗೆ ಹಿಡಿಸಿ "ನೀವೇ ಇಟ್ಕೊಳ್ಳಿ" ಎಂದರು. ನಾನು "ಗೆದ್ದೋರು ನೀವು, ನೀವೇ ಇಟ್ಕೊಳ್ಳಿ" ಎಂದೆ. ಅದು ಹೀಗೆ ಹಲವು ಸಲ ಹೋಗಿ ಬಂತು. ಕೋಚಮ್ಮ ಸೀಟಿ ಊದಿ ನಿಲ್ಲಿಸಿದರು.

ಮರುದಿನ ವಾಪಸ್ ಬರುವಾಗ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದೆವು. ಕೋಚಮ್ಮ ವ್ಯಾನಿನಿಂದ ದೂರ, ಒಂದು ಮರದ ಕೆಳಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಮೊಸರನ್ನದ ಡಬ್ಬಿ ಕೊಡಲು ಹೋದಾಗ ಕೇಳಿಸಿತು. ಅಯೋವಾದಲ್ಲಿ ಇವರ ತಂಡದ ಫಾರ್ವರ್ಡ್ ಆಗಿದ್ದ ಗೆಳತಿ. ಅಲ್ಲಿ ಆಗ ಮಲಗುವ ಹೊತ್ತು. ಇವರು ಹೇಳುತ್ತಿದ್ದರು, "ಇಲ್ಲ, ಇಲ್ಲ, ಲೆಕ್ಕಕ್ಕಿಲ್ಲ. ನಾನೇ ಬೇಡ ಅಂದೆ. ಆದರೆ ಬಿತ್ತು. ಕೇಳಿಸಿತಾ? ಬಿತ್ತು." ಆ ಕಡೆಯಿಂದ ಮುದುಕಿಯೊಬ್ಬಳು ಜೋರಾಗಿ ಕೂಗಿದ್ದು ನನಗೂ ಕೇಳಿಸಿತು.

ಡಬ್ಬಿ ತೆಗೆದುಕೊಂಡು ನನ್ನ ಮುಖ ನೋಡಿದರು. "ನೀವು ನೋಡಿದಿರಲ್ಲ, ವಾರ್ಡನ್?"

"ನೋಡಿದೆ. ಪಾದ ಗೆರೆಯ ಹಿಂದೆಯೇ ಇತ್ತು" ಎಂದೆ.

ಅವರಿಗೆ ಬೇಕಾಗಿದ್ದದ್ದು ಆ ಮಾತೇ ಎಂದು ಕಾಣುತ್ತದೆ. ಮೊಸರನ್ನವನ್ನು ಪೂರ್ತಿ ತಿಂದರು, ಮಜ್ಜಿಗೆ ಮೆಣಸಿನಕಾಯಿ ಸಮೇತ.

ಕಳೆದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಹಿಂದಿನ ದಿನ ಬೆಳಿಗ್ಗೆಯೂ ಗ್ಯಾರೇಜಿನ ಬಾಗಿಲು ಧಡ್ ಧಡ್ ಎಂದಿತ್ತು. ಅವರ ಮಗ ಚೆಂಡನ್ನು ನಮ್ಮ ತಂಡಕ್ಕೆ ಕೊಟ್ಟ. ಸ್ಕೋಫೀಲ್ಡ್ಸ್‌ನವರು ವಿಮಾನ ಹತ್ತಿ ಅಂತ್ಯಕ್ರಿಯೆಗೆ ಬಂದರು. ಬೀಗಿತ್ತಿ ಚೊಂಬಿನ ತುಂಬ ಹೂವು ತಂದಿದ್ದರು.

ಆಟ ನಡೆದಿದೆ. ಪದ್ಮಾ ಮರಳಿ ಬಂದಿದ್ದಾರೆ. ನಿಯಮಗಳೆಲ್ಲ ಕೋಚಮ್ಮ ಹೇಳಿಕೊಟ್ಟವೇ. ಒಂದನ್ನು ಮಾತ್ರ ನಾವು ಸೇರಿಸಿದ್ದೇವೆ. ಪಂದ್ಯ ಮುಗಿದು ಅಂಕ ಬರೆದ ಮೇಲೆ ಎರಡೂ ತಂಡದ ಗಾರ್ಡ್‌ಗಳು ಒಬ್ಬೊಬ್ಬರಾಗಿ ಬಂದು ಗೆರೆಯ ಹಿಂದೆ ಪಾದ ಊರಿ ಒಮ್ಮೆ ಎಸೆಯುತ್ತಾರೆ. ಅದು ಲೆಕ್ಕಕ್ಕಿಲ್ಲ. ಅದು ಮುಗಿಯುವ ತನಕ ನೋಡುವವರು ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ.

ಮೊದಲು ಯಾರು ಎಸೆಯಬೇಕು ಎಂಬುದೇ ಪ್ರತಿ ಸಲದ ತೊಡಕು. ನೀವೇ, ಇಲ್ಲ ನೀವೇ, ನೀವು ದೊಡ್ಡೋರು, ಅಯ್ಯೋ ನೀವೇ ಮೊದ್ಲು. ಆಗ ಗಿರಿಜಕ್ಕ ಮುಂದೆ ಬಂದು ತನ್ನ ತೋರುಬೆರಳನ್ನು ಎಡಗೈಯಿಂದ ಪಕ್ಕಕ್ಕೆ ಬಗ್ಗಿಸಿ ಹಿಡಿದು, ಒಬ್ಬರನ್ನು ತೋರಿಸುತ್ತಾಳೆ. ಅವರ ಪಕ್ಕದವರು ಎದ್ದು ಹೋಗಿ ಚೆಂಡು ಕೈಗೆತ್ತಿಕೊಳ್ಳುತ್ತಾರೆ.